ಎಪ್ಪತ್ತು ಸಾವಿರ ಬೀಡಿ

ಹಂಪನಕಟ್ಟೆಯ ಆ ಅಂಗಡಿಯಲ್ಲಿ ಎಸಿ ಎಷ್ಟು ತಂಪೆಂದರೆ
ಬಂದದ್ದು ಯಾಕೆಂದೇ ಒಂದು ಗಳಿಗೆ ಮರೆತುಹೋಯಿತು.
ಶಾಮಿಲ್ ಎಂಬ ಹುಡುಗ (ಎದೆಯ ಮೇಲೆ ಹೆಸರು ಉಂಟು)
ಎರಡು ಫೋನು ಮುಂದಿಟ್ಟ, ಕಳೆದ ವರ್ಷದ್ದು, ಈ ವರ್ಷದ್ದು.
ಅವಳಿ ಮಕ್ಕಳ ಹಾಗೆ. ಹೆತ್ತವಳಿಗೆ ಮಾತ್ರ ಗೊತ್ತಾಗಬೇಕು.

"ಹೊಸದರಲ್ಲಿ ಎಂತ ಹೆಚ್ಚು?"
"ಕ್ಯಾಮೆರಾ ಸ್ವಲ್ಪ. ಬ್ಯಾಟರಿ ಸ್ವಲ್ಪ. ಸ್ಪೀಡು..." ಎಂದು ತಡೆದು
"ಅದೂ ಸ್ವಲ್ಪವೇ ಅಕ್ಕ" ಎಂದ.
ಪಾಪ, ಕೆಲಸಕ್ಕೆ ಹೊಸಬನಿರಬೇಕು.
"ರೇಟು?"
"ಹದಿನೆಂಟು ಸಾವಿರದ ಒಂಬೈನೂರು."

ನನಗೆ ದುಡ್ಡು ದುಡ್ಡಾಗಿ ಲೆಕ್ಕಕ್ಕೆ ಸಿಗುವುದಿಲ್ಲ.
ಸಾವಿರಕ್ಕೆ ಇನ್ನೂರ ಎಪ್ಪತ್ತರ ಹಾಗೆ
ಎಪ್ಪತ್ತು ಸಾವಿರ ಬೀಡಿ.
ದಿನಕ್ಕೆ ಏಳ್ನೂರು, ಅದೂ ಎಲೆ ಒಳ್ಳೆಯದಿದ್ದು
ಗುಲಾಬಿಯಕ್ಕ ಮಾತಿಗೆ ಬಾರದೆ ಇದ್ದರೆ,
ನೂರು ದಿನ.
ಮಡಿಲಿನ ತಡ್ಪೆ ಇಳಿಸದೆ ನೂರು ದಿನ,
ಸ್ವಲ್ಪಕ್ಕೆ.

ಬ್ರಾಂಚಿನ ಚೆಕ್ಕರ್ ಐತಪ್ಪಣ್ಣ ಕಟ್ಟು ಬಿಡಿಸುವ ಹಾಗೆ
ಎರಡನ್ನೂ ಎತ್ತಿ, ತಿರುಗಿಸಿ, ಬೆನ್ನು ಉಜ್ಜಿ ನೋಡಿದೆ.
ಅವರಾದರೆ ಒಂದನ್ನು ಬುಟ್ಟಿಗೆ ಎಸೆಯುತ್ತಿದ್ದರು,
ಯಾವುದನ್ನಾದರೂ.
ಕಾರಣ ಕೇಳುವ ಹಾಗಿಲ್ಲ.

ನನ್ನದೂ ಓಡ್ತದೆ. ಮೂಲೆಯಲ್ಲಿ ಬಿರುಕು, ಅದಕ್ಕೆ ಸೆಲ್ಲೋಟೇಪು.
ಮಧ್ಯಾಹ್ನ ಮೂರಕ್ಕೆ ಜೀವ ಹೋಗ್ತದೆ, ವಯರು ಚುಚ್ಚಿದರೆ ಬರ್ತದೆ.
ಒಂದೇ ತಕರಾರು:
ಅದಕ್ಕೆ ನನ್ನ ಬೆರಳು ಗೊತ್ತಿಲ್ಲ.
ಇಪ್ಪತ್ತಾರು ವರ್ಷ ಎಲೆ ಸುತ್ತಿ, ಬಾಯಿ ಮಡಚಿ, ನೂಲು ಬಿಗಿದು
ಹೆಬ್ಬೆರಳಿನ ಗೆರೆಗಳೆಲ್ಲ ಹೊಗೆಯಾಗಿ ಹೋಗಿವೆ
ಯಾರ್ಯಾರದೋ ಎದೆಯೊಳಗೆ.
ರೇಷನ್ ಅಂಗಡಿಯ ಮೆಷಿನ್ನೂ ಹಾಗೆಯೇ.
"ಒರೆಸಿ ಇಡಿ, ಒರೆಸಿ ಇಡಿ."
ಎಷ್ಟು ಒರೆಸುವುದು?

"ಇದಕ್ಕೆ ಬೆರಳು ಬೇಡ ಅಕ್ಕ, ಮುಖ ಸಾಕು."
ನನ್ನ ಕಡೆ ಹಿಡಿದ. ಸ್ವಲ್ಪ ಎಡಕ್ಕೆ. ಸ್ವಲ್ಪ ಬಲಕ್ಕೆ. ಆಯಿತು.
ಈಗ ನೋಡಿ ಎಂದ.
ನೋಡಿದೆ. ತೆರೆಯಿತು.
ಕನ್ನಡಕ ತೆಗೆದು ನೋಡಿದೆ. ತೆರೆಯಿತು.
ತಲೆಗೆ ಸೆರಗು ಹೊದ್ದು, ಹುಬ್ಬು ಗಂಟಿಕ್ಕಿ, ಸುಮ್ಮನೆ ನಕ್ಕು,
ಪ್ರತಿ ಸಲವೂ ತೆರೆಯಿತು.
ಶಾಮಿಲ್ ಇಣುಕಿದ. ಊಹೂಂ.

"ಕಳೆದ ವರ್ಷದ್ದರಲ್ಲಿ ಇದು ಇಲ್ವಾ?"
ಸುತ್ತ ನೋಡಿ, ದನಿ ತಗ್ಗಿಸಿದ.
"ಉಂಟು. ಎರಡು ಸಾವಿರದ ಏಳ್ನೂರು ಕಡಿಮೆ."
ಹತ್ತು ಸಾವಿರ ಬೀಡಿ.
ಹದಿನಾಲ್ಕು ದಿನ, ಮತ್ತೆ ಒಂದು ಬೆಳಗು.

ಶನಿವಾರ ಹೇಳ್ತೇನೆ ಎಂದೆ.
"ಸರಿ ಅಕ್ಕ. ನಿಮ್ಮ ಮುಖ ಡಿಲೀಟ್ ಮಾಡ್ತೇನೆ."
"ಇರಲಿ ಮಾರಾಯ" ಬಾಯಿಂದ ಬಂದೇಬಿಟ್ಟಿತು,
"ಶನಿವಾರದವರೆಗೆ ಇರಲಿ."

ಬಸ್ಸಿನಲ್ಲಿ ಸೀಟಿರಲಿಲ್ಲ. ಕಂಬಿ ಹಿಡಿದು
ಇನ್ನೊಂದು ಕೈಯಲ್ಲಿ ನನ್ನದನ್ನು ತೆಗೆದೆ.
ಬೆರಳು ಕೇಳಿತು. ಕೊಟ್ಟೆ. ಮತ್ತೆ ಕೇಳಿತು. ಕೊಟ್ಟೆ.
ಜ್ಯೋತಿ ಸ್ಟಾಪು ದಾಟಿದ ಮೇಲೆ ನಾಲ್ಕು ಅಂಕೆ ಒತ್ತಿದೆ.
ಬ್ಯಾಟರಿ ಎರಡು ಪರ್ಸೆಂಟು.
ಗಂಟೆ ಮೂರಾಗಲು ಇನ್ನೂ ಐದು ನಿಮಿಷ ಉಂಟು.