ಮಗ್ಗುಲು ಬದಲಿಸಿದ ಕಲ್ಲು

ಮೊದಲೇ ಗೊತ್ತಿರಲಿ: ಈ ಚೌಕ ಸಪಾಟಲ್ಲ.
ನಡುವೆ ಉಬ್ಬಿದೆ, ಮೂಟೆ ಹೊತ್ತು ಬಗ್ಗಿದವನ ಬೆನ್ನು.
ವಸ್ತುಸಂಗ್ರಹಾಲಯದ ಕಡೆಯಿಂದ ಬಂದರೆ
ಮೊದಲು ಕಾಣುವುದು ಗುಮ್ಮಟಗಳಷ್ಟೇ,
ನೆಲದಿಂದ ಆಗತಾನೇ ಮೊಳೆತ ಹಾಗೆ;
ನಡೆಯುತ್ತ ಕುತ್ತಿಗೆ, ನಡೆಯುತ್ತ ಭುಜ,
ಆಮೇಲೆ ಗುಡಿ ಪೂರ್ತಿ ಎದ್ದು ನಿಲ್ಲುತ್ತದೆ,
ಕರೆದವರು ಯಾರು ಎಂದು.

ಗ್ಲಫೀರಾ ಸವೇಲ್ಯೆವ್ನಾಗೆ ಇದೆಲ್ಲ ಕಾಣುವುದಿಲ್ಲ.
ಅವಳದು ಮಂಡಿಯೂರಿದ ಎತ್ತರ.
ಇಪ್ಪತ್ತಾರು ವರ್ಷದಿಂದ ಕಲ್ಲು ಕೂರಿಸುವ ಕೆಲಸ,
ರಬ್ಬರ್ ಸುತ್ತಿಗೆ, ರಸಮಟ್ಟ,
ಮಂಡಿಗೆ ಕಟ್ಟಿದ ಹಳೆ ಟೈರಿನ ತುಂಡು.
"ಗುಮ್ಮಟ ನೋಡೋಕೆ ಜಗತ್ತೇ ಇದೆ,
ಸಂದು ನೋಡೋಕೆ ನಾನೊಬ್ಬಳೇ."

ಈ ನೆಲವನ್ನು ಮೊದಲು ಸಂತೆ ಅಂದರು.
ಉಪ್ಪುಮೀನು, ಜೇನುಮೇಣ, ತೊಗಲು,
ಕೋಟೆಗೋಡೆಗೆ ಒರಗಿ ನಿಂತ ಮರದ ಅಂಗಡಿಗಳು.
ಅಂಗಡಿಗಳು ಉರಿದವು, ಕಟ್ಟಿದರು, ಮತ್ತೆ ಉರಿದವು;
ಬೇಸತ್ತು ಬೆಂಕಿಯೆಂದೇ ಕರೆದರು.
ಯಾವಾಗಲೋ, ಯಾರ ಬಾಯಲ್ಲೋ ಅದು ಚೆಂದ ಎಂದಾಯಿತು.
ಅದೇ ಪದ ಮುದಿಯಾಗುತ್ತ ಕೆಂಪಿಗೆ ತಿರುಗಿತು.
ಇದನ್ನು ನನಗೆ ಬಿಡಿಸಿ ಹೇಳಬೇಕಾಗಲಿಲ್ಲ.
ಚೆಂದುಟಿ, ಚೆಂದಾವರೆ, ಚೆಂಗುಲಾಬಿ:
ನನ್ನ ಮಾತಿನಲ್ಲೂ ಕೆಂಪು ಮತ್ತು ಚೆಂದ
ಒಂದೇ ಬಾಗಿಲಲ್ಲಿ ಒಳಗೆ ಬರುತ್ತವೆ.
ಹೊರಗೆ ಹೋದದ್ದು ಯಾವುದೆಂದು ಕೇಳಬೇಡಿ.

ಗುಡಿಯೂ ಹಾಗೇ. ಹುಟ್ಟಿದಾಗ ಬಿಳಿಕಲ್ಲು, ಇಟ್ಟಿಗೆ ಅಷ್ಟೇ;
ಈ ಬಣ್ಣವೆಲ್ಲ ಹತ್ತಿದ್ದು ಮುಂದಿನ ಶತಮಾನಗಳಲ್ಲಿ.
ಒಂದೇ ಜಗಲಿಯ ಮೇಲೆ ಒಂಬತ್ತು ಗುಡಿ,
ಒಂದರ ತಲೆಗೆ ತಿರುಚಿದ ಪಟ್ಟೆ, ಇನ್ನೊಂದಕ್ಕೆ ಅನಾನಸಿನ ಮುಳ್ಳು,
ಯಾವುದೂ ಯಾವುದರ ಮಾತಿಗೂ ಒಪ್ಪಿದಂತಿಲ್ಲ,
ಆದರೂ ಪಂಕ್ತಿ ಬಿಟ್ಟು ಎದ್ದಿಲ್ಲ.
ಇಂಥದ್ದು ಇನ್ನೊಂದಾಗಬಾರದೆಂದು ದೊರೆ
ಕಟ್ಟಿದವರ ಕಣ್ಣು ಕೀಳಿಸಿದನಂತೆ. ಗೈಡುಗಳು ದಿನಾ ಹೇಳುತ್ತಾರೆ.
ಗ್ಲಫೀರಾ ನಗುತ್ತಾಳೆ: "ಸುಳ್ಳು.
ಕೂಲಿ ಬಾಕಿ ಉಳಿಸಿರ್ತಾನೆ.
ಅದನ್ನ ಯಾರೂ ಕಥೆ ಮಾಡಲ್ಲ."

ಯುದ್ಧದ ಬೇಸಿಗೆಯಲ್ಲಿ ಈ ನೆಲಕ್ಕೆ
ಸುಳ್ಳು ಮನೆಗಳ ಮಾಡು ಬಳಿದರು,
ಮೇಲೆ ಹಾರುವ ವಿಮಾನಕ್ಕೆ ಇದು ಬರೀ ಓಣಿ ಅನ್ನಿಸಲೆಂದು.
ನವೆಂಬರಿನ ಹಿಮ ಬಳಿದದ್ದನ್ನೆಲ್ಲ ಮುಚ್ಚಿತು.
ಆ ಬೆಳಗ್ಗೆ ಇಲ್ಲಿ ಸಾಲುಗಟ್ಟಿ ನಡೆದವರು
ಹಾಗೇ ನಡೆದುಹೋದರು, ರಣಕ್ಕೆ.
ಅವಳಜ್ಜ ಜೊಸೀಮಾ ಆ ಸಾಲಲ್ಲಿದ್ದ,
ಬೂಟು ಒಂದು ಅಳತೆ ದೊಡ್ಡದು.
ಒಂದೇ ಕಾಗದ ಬಂತು:
"ಕಲ್ಲು ಜಾರುತ್ತಿತ್ತು. ನಾನು ಬೀಳಲಿಲ್ಲ."

ಎಪ್ಪತ್ನಾಲ್ಕರಲ್ಲಿ ಕಲ್ಲುಗಳನ್ನೆಲ್ಲ ಎಬ್ಬಿಸಿ
ಅಡಿಗೆ ಕಾಂಕ್ರೀಟು ಸುರಿದು ಮತ್ತೆ ಕೂರಿಸಿದರು.

ಈಗ ಮೇ ತಿಂಗಳು, ನಾಡಿದ್ದು ಮೆರವಣಿಗೆ.
ಟ್ಯಾಂಕುಗಳ ತಾಲೀಮಿಗೆ ಹದಿನೇಳು ಕಲ್ಲು ಕುಲುಕಿವೆ.
ರಾತ್ರಿ ಎರಡೂವರೆ. ಹನ್ನೊಂದನೆಯದಕ್ಕೆ ಸಲಾಕೆ ಕೊಟ್ಟಳು.
ಒನೆಗಾ ಸರೋವರದ ಸೀಮೆಯ ಕರಿಕಲ್ಲು,
ನಿದ್ದೆಹೋದ ಮಗುವಿನಷ್ಟು ಭಾರ.
ಮಗುಚಿದರೆ
ಅಡಿಮೈ ಸವೆದಿದೆ,
ಬಚ್ಚಲ ಸೋಪಿನ ಚೂರಿನ ನುಣುಪು.
ಆಗ ಯಾರೋ ತಿರುಗಿಸಿ ಇಟ್ಟಿದ್ದಾರೆ;
ನಲವತ್ತು ಚಳಿಗಾಲದ ಹೆಜ್ಜೆ
ಅಂದಿನಿಂದ ಬೋರಲು ಮಲಗಿದೆ.

ಮೇಸ್ತ್ರಿ ವಿಸ್ಸರಿಯೋನ್ ದೀಪದ ಕಂಬದಡಿಯಿಂದ ಕೂಗಿದ:
"ಒರಟು ಮೈ ಮೇಲೆ! ಯಾರೂ ಜಾರಬಾರದು!"
ಹ್ಞೂಂ ಅಂದಳು.
ಕೈಗವಸು ಕಳಚಿ ಅಂಗೈ ಇಟ್ಟಳು. ತಣ್ಣಗಿತ್ತು, ಅಷ್ಟೇ.
ಇದೇ ಕಲ್ಲನ್ನು ಅಜ್ಜ ತುಳಿದನೆಂದು ಯಾರು ಹೇಳಿದರು?
ಇಲ್ಲಿರುವ ಕಲ್ಲೆಷ್ಟು, ಅವನ ಕಾಲು ಎರಡು.
ಲೆಕ್ಕ ಅವಳಿಗೂ ಬರುತ್ತದೆ.

ಮರಳು ಹರವಿದಳು.
ನುಣುಪನ್ನು ಆಕಾಶಕ್ಕೆ ಮಾಡಿ ಕೂರಿಸಿದಳು.
ಮೂರು ಪೆಟ್ಟು, ರಸಮಟ್ಟದ ಗುಳ್ಳೆ ನಡುವಿಗೆ ಬಂತು.
ಗೋಪುರದ ಗಡಿಯಾರ ಮುಕ್ಕಾಲು ಹೊಡೆಯಿತು.
ಉಳಿದ ಆರನ್ನು ಹೇಳಿದ ಹಾಗೇ ಇಟ್ಟಳು.

ನಾಡಿದ್ದು ಅಲ್ಲಿ ಯಾವನೋ ಹುಡುಗನ ಬೂಟು
ಕೂದಲೆಳೆಯಷ್ಟು ಜಾರೀತು.
"ಬೀಳಲ್ಲ ಬಿಡು," ಅಂದಳು, ಯಾರಿಗೋ.
ಸ್ವಲ್ಪ ಹೊತ್ತು ಬಿಟ್ಟು: "ಬೀಳಬಾರದು."
ಥರ್ಮಾಸಿನ ಮುಚ್ಚಳದಲ್ಲಿ ಚಹಾ
ಆಗಲೇ ಆರಿತ್ತು. ಕುಡಿದಳು.