ಬಿ ಕಿವಿಯ ಕೇಬಲ್

ಮೊದಲು ಇದು ಬೆಚ್ಚಗಾಗಬೇಕು, ಯೂಲಿತಾ.
ಸ್ವಿಚ್ ಒತ್ತಿದ ಕೂಡಲೇ ಅಂಕಿ ಬರುತ್ತದೆ, ಬರಲಿ,
ಬರೆದುಕೊಳ್ಳಬೇಡ.
ಒಳಗೊಂದು ಪುಟ್ಟ ಒಲೆಯಿದೆ, ಒಲೆಯೊಳಗೆ
ಉಗುರಿನಗಲದ ಸ್ಫಟಿಕ.
ಎಂಬತ್ತು ಡಿಗ್ರಿಯಲ್ಲಿ ಕೂತು ಕೂತು
ಅದು ಸಮಾಧಾನಕ್ಕೆ ಬರಲು ಒಂದು ರಾತ್ರಿ ಬೇಕು.
ಪೊಜ್ನಾನಿನ ಹೊರಗಿನ ಈ ಪೈನ್ ಕಾಡಿನಲ್ಲಿ, ಜನವರಿಯಲ್ಲಿ,
ನಮ್ಮೆಲ್ಲರಿಗಿಂತ ಸುಖವಾಗಿರುವುದು ಅದೊಂದೇ.

ಪಕ್ಕಕ್ಕೆ ಒರಗಿಸಬೇಡ. ಮಗ್ಗುಲು ಬದಲಿಸಿದರೂ
ಭೂಮಿ ಯಾವ ಕಡೆಗಿದೆ ಎಂದು ಅದಕ್ಕೆ ಗೊತ್ತಾಗುತ್ತದೆ,
ಹತ್ತನೆಯ ಅಂಕಿಯಲ್ಲಿ ಮುನಿಸು ತೋರಿಸುತ್ತದೆ.

ಇವು ಎರಡು ಕಿವಿ: ಎ, ಬಿ.
ಎ ಕೇಳಿಸಿಕೊಂಡಾಗ ಶುರು, ಬಿ ಕೇಳಿಸಿಕೊಂಡಾಗ ಮುಗಿಯಿತು.
ನಡುವೆ ಹೋದದ್ದೆಷ್ಟು ಎನ್ನುವುದಷ್ಟೇ ಇದರ ಉದ್ಯೋಗ.
ಈ ಗುಂಡಿ ಹೊಸ್ತಿಲು. ಅಲೆ ಏರುತ್ತ ಏರುತ್ತ
ಯಾವ ಎತ್ತರ ದಾಟಿದರೆ ‘ಬಂತು’ ಎನ್ನಬೇಕೆಂದು
ನೀನೇ ಹೇಳಿಕೊಡಬೇಕು. ತೀರ ಕೆಳಗಿಟ್ಟೆಯೋ
ಗಾಳಿಗೆ ಕದ ಅಲುಗಿದರೂ ನೆಂಟರು ಬಂದರೆಂದು
ಎದ್ದು ನಿಲ್ಲುವ ಅಜ್ಜಿಯ ಹಾಗೆ
ಗದ್ದಲವನ್ನೆಲ್ಲ ಎಣಿಸುತ್ತ ಕೂರುತ್ತದೆ.

ಹನ್ನೆರಡು ಅಂಕಿ. ಮೊದಲ ಒಂಬತ್ತು ಕದಲುವುದಿಲ್ಲ.
ಕೊನೆಯ ಮೂರು, ಊಟದ ಪಂಕ್ತಿಯ ತುದಿಗೆ ಕೂತ ಮಕ್ಕಳು:
ಒಂದು ಗಳಿಗೆ ಸುಮ್ಮನಿರುವುದಿಲ್ಲ.
ಗದರಿಸಬೇಡ. ಸಾವಿರ ಸಲ ನೋಡು. ಆಮೇಲೆ ಸರಾಸರಿ.

ಇನ್ನು ಆ ಹಸಿರು ಕೇಬಲ್ಲಿನ ವಿಷಯ.
ನಿನಗೆ ಯಾರಾದರೂ ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ.

ಜೆನೋನ್ ನಿವೃತ್ತನಾದ ಶರತ್ಕಾಲ.
ಮರುದಿನದಿಂದಲೇ ಅಳತೆ ತಪ್ಪಿತು:
ಹದಿನೈದು ನ್ಯಾನೊ ಸೆಕೆಂಡು ಕಡಿಮೆ.
ಬೆಳಕು ಈ ಕೋಣೆಯ ಆ ಗೋಡೆಯಿಂದ ಈ ಗೋಡೆಗೆ
ಬಂದು ಮುಟ್ಟುವಷ್ಟು ಹೊತ್ತು,
ಅಷ್ಟೇ. ಅಷ್ಟಕ್ಕೆ ನಾನು ಮೂರು ವಾರ ನಿದ್ದೆಗೆಟ್ಟೆ.
ಒಲೆಯನ್ನು ಶಂಕಿಸಿದೆ, ಆಂಟೆನಾ ಮೇಲಿನ ಹಿಮ ಕೆರೆಸಿದೆ,
ಕೊನೆಗೆ ಗ್ರಾತ್ಸಿಯಾನನನ್ನು ಶಂಕಿಸಿದೆ. ಹೊಸ ಹುಡುಗ,
ಕೈ ಸ್ವಲ್ಪ ಒರಟು, ಬೈಸಿಕೊಳ್ಳಲು ಅನುಕೂಲವಾಗಿದ್ದ.

ಜೆನೋನನ ಟಿಪ್ಪಣಿ ಪುಸ್ತಕದ ಹಿಂದಿನ ರಟ್ಟಿನಲ್ಲಿ
ಪೆನ್ಸಿಲಿನಲ್ಲಿ ಹೀಗಿತ್ತು:
‘ಬಿ ಕಿವಿ. ನಾಲ್ಕು ಮೀಟರ್. ಇಪ್ಪತ್ತು ನ್ಯಾನೊ ಕಳೆ.’
ಬಿ ಕಿವಿಯಲ್ಲಿ ಈಗ ಹೊಳೆಯುವ ಕಪ್ಪು ಕೇಬಲ್, ಒಂದೇ ಮೀಟರ್.
ಅವನ ಬೀಳ್ಕೊಡುಗೆಯ ದಿನ ಮೇಜು ಓರಣ ಮಾಡಿ
ಅದನ್ನು ಸಿಕ್ಕಿಸಿದವಳು ನಾನು.
ಹಳೆಯದನ್ನು ಸುರುಳಿ ಸುತ್ತಿ ಅವನು ಕೇಳಿದ್ದ,
‘ಒಯ್ಯಲೇ ಇದನ್ನು?’
ಬಾಯ್ತುಂಬ ಕೇಕು ಇಟ್ಟುಕೊಂಡು ‘ಒಯ್ಯಿ’ ಎಂದಿದ್ದೆ.

ಭಾನುವಾರ ಅವನ ಮನೆಗೆ ಹೋದೆ.
ಪುರಭವನದ ಗೋಪುರದಲ್ಲಿ ತಗಡಿನ ಮೇಕೆಗಳೆರಡು
ಹನ್ನೆರಡು ಸಲ ಕೊಂಬು ತಾಕಿಸುತ್ತಿದ್ದವು.
ಕೆಳಗೆ ಮಕ್ಕಳು ಜೋರಾಗಿ ಎಣಿಸಿ
ಹದಿಮೂರು ಎಂದು ಜಗಳವಾಡುತ್ತಿದ್ದರು.
ಜೆನೋನ್ ಆಲೂಗಡ್ಡೆ ಸುಲಿಯುತ್ತ ಕೂತಿದ್ದ.
ಹಿತ್ತಿಲಲ್ಲಿ ಎರಡು ಪ್ಲಮ್ ಮರಗಳ ನಡುವೆ
ನಮ್ಮ ಹಸಿರು ಕೇಬಲ್ ಬಿಗಿಯಾಗಿ ಕಟ್ಟಿತ್ತು.
ಇಪ್ಪತ್ತು ನ್ಯಾನೊ ಸೆಕೆಂಡಿನ ಉದ್ದಕ್ಕೂ
ಅವನ ಹೆಂಡತಿ ಬೊಗ್ನಾ ಕಾಲುಚೀಲ ಒಣಹಾಕಿದ್ದಳು,
ಜೋಡಿ ಜೋಡಿಯಾಗಿ. ಒಂದಕ್ಕೆ ಮಾತ್ರ ಜೋಡಿ ಇರಲಿಲ್ಲ.

ನಾನು ಹೇಳಿದೆ. ಅವನು ನಗಲಿಲ್ಲ.
‘ಹಾಗಾದರೆ ನನ್ನ ಪೆನ್ಸಿಲು ಕಾಣಿಸಿತು’ ಎಂದ.
ಬಿಚ್ಚಿಕೊಡಲು ಎದ್ದವನನ್ನು ಬೊಗ್ನಾ ತಡೆದಳು:
ಒದ್ದೆ ಬಟ್ಟೆ, ಸಂಜೆಯವರೆಗೆ ಕಾಯಲಿ ನಿಮ್ಮ ದೇಶದ ಸಮಯ.

ಕಾಯಿತು. ಈಗ ಬಿ ಕಿವಿಯಲ್ಲಿರುವುದು ಅದೇ,
ಮೂಗಿಟ್ಟು ನೋಡು, ಸಾಬೂನಿನ ವಾಸನೆ ಹೋಗಿಲ್ಲ.
ಗ್ರಾತ್ಸಿಯಾನನಿಗೆ ‘ತಪ್ಪು ನನ್ನದು’ ಎನ್ನಲು ನನಗೆ
ಎಂಟು ದಿನ ಹಿಡಿಯಿತು.
ಅದು ಲಾಗ್ ಪುಸ್ತಕದಲ್ಲಿಲ್ಲ.

ನಾಲ್ಕು ಗಂಟೆಗೇ ಕತ್ತಲಾಯಿತು ನೋಡು. ಸ್ವಿಚ್ ಒತ್ತು.
ಕೋಟು ಹಾಕಿಕೋ, ಬಸ್ಸು ತಪ್ಪೀತು.
ಬಾಗಿಲನ್ನು ಮೆಲ್ಲಗೆ ಎಳೆದುಕೋ,
ಒಳಗೆ ತಣ್ಣನೆ ಗಾಳಿ ನುಗ್ಗದ ಹಾಗೆ.