ಬದಲಿ ಪಾಳಿ

ಆ ಗುರುವಾರ ರಾತ್ರಿಪಾಳಿ ನನ್ನದು.
"ಬೆಳಿಗ್ಗೇನೇ ಹರಿಹರದೋರು ಬರ್ತಾರೆ, ಮಗಳನ್ನ ನೋಡೋಕೆ.
ನೀನು ನಿಲ್ತೀಯಾ ಚಮನ್?" ಅಂದೆ.
ಬೀಡಿ ಕಿವಿಗೆ ಸಿಗಿಸಿ ಆಯ್ತು ಅಂದ.
ಅಷ್ಟೇ.

ಬೆಳಗಿನ ಜಾವ ಭಟ್ಟಿಯ ಗೋಡೆ ಕುಸಿಯಿತು.

ದಾವಣಗೆರೆಗೆ ದಾವಣಗೆರೆಯೇ ನನ್ನನ್ನು ಖುಲಾಸೆ ಮಾಡಿತು:
ಅಯ್ಯನೋರು ಹಣೆಬರಹ ಅಂದರು,
ಹಜರತ್ತರು ತಕ್ದೀರ್ ಅಂದರು,
ಮಾಲೀಕ ಎರಡನ್ನೂ ಅಂದ,
ಪರಿಹಾರದ ದುಡ್ಡು ಉಳಿಯಿತಲ್ಲ.

ಈಗಲೂ ಮರಳು ಕಾಯುತ್ತದೆ.
ಒಂದೇ ಬೊಗಸೆ ಅಕ್ಕಿ, ಒಂದೇ ಕಾವು;
ಕೆಲವು ಮಂಡಕ್ಕಿ, ಕೆಲವು ಹಾಗೇ ಕಲ್ಲು.
ಕೆಳಗೆ ಉರಿಯುವುದು ಅದರದೇ ಹೊಟ್ಟು.
ಬರೆದವನಿದ್ದರೆ ಅವನ ಅಕ್ಷರ ನನಗೆ ಓದಲು ಬಾರದು.
ಉಪ್ಪುನೀರು ಎಷ್ಟು ಚಿಮುಕಿಸಬೇಕು ಅನ್ನುವುದಷ್ಟೇ
ನನ್ನ ಕೈಯಲ್ಲಿದೆ,
ಅದೂ ಒಮ್ಮೊಮ್ಮೆ ನಡುಗುತ್ತದೆ.

ಜೈತುನ್‌ಬಿ ಜರಡಿ ಹಿಡಿದು ಎದುರಿಗೇ ಕೂರುತ್ತಾಳೆ.
ಒಂದು ದಿನವೂ ಕೇಳಿಲ್ಲ.
ಕೇಳಿದ್ದರೆ ಹೇಳಬಹುದಿತ್ತು,
ಹರಿಹರದವರು ಅವತ್ತು ಬರಲೇ ಇಲ್ಲ ಅಂತ.

ಸತ್ತ ಮೇಲೆ ಏನಿದೆಯೋ.
ಇದ್ದರೆ, ಬಾಗಿಲಲ್ಲಿ ಚಮನ್ ನಿಂತಿರಲಿ,
ಕಿವಿಯ ಬೀಡಿ ತೆಗೆದು ಹಚ್ಚುತ್ತ
"ಬಂದ್ಯಾ? ಹೊತ್ತಾಯ್ತು, ಹೋಗು, ನಿನ್ನ ಪಾಳಿ" ಅನ್ನಲಿ.
ಅವನೂ "ಬರೆದಿತ್ತು ಬಿಡು" ಅಂದುಬಿಟ್ಟರೆ
ಅಲ್ಲಿಂದ ಎಲ್ಲಿಗೆ ಹೋಗಲಿ?